‘ನಾರ್ಮಲ್’ ತುಂಡು ಎಲ್ಲಿಂದ ತರೋದು?

ಜೀನ್ ಹೇಗೆ ಆನ್-ಆಫ್ ಆಗುತ್ತದೆ ಅಂತ ನೋಡುವ ಎಪಿಜೆನೆಟಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಬೇಕು ಅಂತ ನಮ್ಮ ಜಕ್ಕೂರಿನ ಲ್ಯಾಬ್‌ಗೆ ಬರುವ ಹುಡುಗರು ಮೊದಲು ಕೇಳುವುದು ಡಿಎನ್‌ಎ ಓದುವ ಮೆಷಿನ್ ಬಗ್ಗೆ. ಯಾವ ಸೀಕ್ವೆನ್ಸರ್ ಇದೆ ಸಾರ್, ಎಷ್ಟು ಡೇಟಾ ಬರುತ್ತೆ ಸಾರ್. ನಾನು ತಿರುಗಿ ಕೇಳುವುದು ಒಂದೇ: ಗಡ್ಡೆಯನ್ನು ಯಾವುದಕ್ಕೆ ಹೋಲಿಸ್ತೀಯಪ್ಪ?

ನಾನು ಸಂಶೋಧನೆಗೆ ಹಿಡಿದದ್ದು ಬಾಯಿ ಕ್ಯಾನ್ಸರ್. ನೆಟ್ ಪಾಸು, ಪಿಎಚ್‌ಡಿ, ಹೊರದೇಶದಲ್ಲಿ ಪೋಸ್ಟ್‌ಡಾಕ್, ಆಮೇಲೆ ರಾಮಲಿಂಗಸ್ವಾಮಿ ಫೆಲೋಶಿಪ್ ಹಿಡಿದು ವಾಪಸ್ ಬೆಂಗಳೂರಿಗೆ. ಇದು ಎಲ್ಲರ ಕಥೆಯೇ, ಬಿಡಿ. ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟದ ದುಡ್ಡಿನಲ್ಲೇ ಓದಿದವನು. ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರ ವರದಿಯಲ್ಲಿ ಹೇಳಿದೆ. ಇದನ್ನು ಊರಿನ ಮದುವೆ ಮನೆಯಲ್ಲಿ ಹೇಳಿ ನೋಡಿ! ಚಿಕ್ಕಪ್ಪ ಈಗಲೂ ನನ್ನನ್ನು ಪರಿಚಯಿಸೋದು ‘ಅಡಿಕೆ ವಿರೋಧಿ’ ಅಂತಲೇ.

ಡಿಎನ್‌ಎ ಬರೆದಿರುವುದು ಎ, ಟಿ, ಜಿ, ಸಿ ಅನ್ನೋ ಅಕ್ಷರಗಳಲ್ಲಿ. ಅದರ ಅಕ್ಷರ ಒಂದೂ ಕೆಡದೆ ಜೀನ್ ಸುಮ್ಮನಾಗಿಬಿಡಬಹುದು. ಪಿ16 ಅಂತ ಒಂದು ಜೀನ್ ಇದೆ, ಕೋಶ ಬೇಕಾಬಿಟ್ಟಿ ಎರಡಾಗುತ್ತಾ ಹೋಗದಂತೆ ತಡೆಯುತ್ತದೆ. ಅದರ ಶುರುವಿನಲ್ಲಿ ಸಿ-ಜಿ ಜೋಡಿಗಳು ಒತ್ತೊತ್ತಾಗಿವೆ. ಆ ಸಿಗಳ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ತುಣುಕು ಕೂತರೆ ಜೀನ್ ಬಂದ್. ಅಂಗಡಿ ಇದೆ, ಸಾಮಾನೂ ಇದೆ, ಶಟರ್ ಮಾತ್ರ ಎಳೆದಿದೆ.

ಈ ಮೀಥೈಲ್ ಕಾಣಬೇಕಾದರೆ ನಾವು ಬಳಸುವುದು ಬೈಸಲ್ಫೈಟ್ ಎಂಬ ರಾಸಾಯನಿಕ. ಅದನ್ನು ಹಾಕಿದರೆ ಮೀಥೈಲ್ ಇಲ್ಲದ ಸಿ ಯುರಾಸಿಲ್ ಆಗುತ್ತದೆ, ಡಿಎನ್‌ಎಯ ನಕಲು ತೆಗೆಯುವ ಪಿಸಿಆರ್ ಅದನ್ನು ಟಿ ಅಂತ ಓದುತ್ತದೆ. ಮೀಥೈಲ್ ಇರುವ ಸಿ ಹಾಗೇ ಉಳಿಯುತ್ತದೆ. ತೊಂದರೆ ಏನೆಂದರೆ ಇದು ಡಿಎನ್‌ಎಯನ್ನು ಚಿಂದಿ ಮಾಡುತ್ತದೆ. ನಮಗೆ ಸಿಗುವುದೋ ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಕೂರಿಸಿದ ಗಡ್ಡೆಯ ಹಳೆಯ ಬ್ಲಾಕ್, ಅದರಲ್ಲಿ ಡಿಎನ್‌ಎ ಮೊದಲೇ ತುಂಡು ತುಂಡು. ಹಾಗಾಗಿ ನಕಲಾಗುವ ತುಂಡು 150 ಅಕ್ಷರ ದಾಟದ ಹಾಗೆ ಪ್ರೈಮರ್ (ನಕಲು ಎಲ್ಲಿಂದ ಎಲ್ಲಿವರೆಗೆ ಅಂತ ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು) ಮಾಡಿಕೊಳ್ಳುತ್ತೇನೆ. ರಿಸಲ್ಟ್ ಬಂದ ಕೂಡಲೇ ಸಿ-ಜಿ ಜೋಡಿಗಳನ್ನು ನೋಡುವುದಿಲ್ಲ. ಪಕ್ಕದಲ್ಲಿ ಜಿ ಇಲ್ಲದ ಸಿಗಳನ್ನು ನೋಡುತ್ತೇನೆ. ಅವೆಲ್ಲ ಟಿ ಆಗಿರಬೇಕು. ಅಲ್ಲಲ್ಲಿ ಸಿ ಉಳಿದಿದ್ದರೆ ಕೆಮಿಸ್ಟ್ರಿ ಅರ್ಧಕ್ಕೇ ನಿಂತಿದೆ, ಇಲ್ಲದ ಮೀಥೈಲ್ ಇದ್ದ ಹಾಗೆ ಕಾಣುತ್ತದೆ. ಸ್ಯಾಂಪಲ್ ಎಷ್ಟೇ ಅಪರೂಪದ್ದಾಗಲಿ, ಆ ರಿಸಲ್ಟ್ ಲೆಕ್ಕಕ್ಕಿಲ್ಲ.

ಇನ್ನು ಹೋಲಿಕೆಯ ವಿಷಯ. ಸರ್ಜನ್ ಗಡ್ಡೆಯ ಜೊತೆ ಸುತ್ತಲಿನ ಒಂದಿಷ್ಟು ಚೆನ್ನಾಗಿರುವ ಭಾಗವನ್ನೂ ತೆಗೆಯುತ್ತಾರೆ. ಅದನ್ನೇ ‘ನಾರ್ಮಲ್’ ಅಂತ ಬರೆದುಕೊಳ್ಳುವುದು ಸುಲಭ. ಆದರೆ ಗುಟ್ಕಾ ರಸ ಗಡ್ಡೆ ಇರೋ ಜಾಗಕ್ಕೆ ಮಾತ್ರ ಹೋಗಿರುತ್ತಾ? ಬಾಯಿ ಪೂರ್ತಿ ಹರಡಿರುತ್ತದೆ ಅಲ್ವಾ? ಗಡ್ಡೆಯ ಸುತ್ತಲಿನ ಒಳಪದರವೂ ಕೆಟ್ಟಿರುತ್ತದೆ ಎಂದು ಸ್ಲಾಟರ್ ಮತ್ತು ಸಂಗಡಿಗರು 1953ರಲ್ಲೇ ತೋರಿಸಿದ್ದಾರೆ. ಮೈಕ್ರೋಸ್ಕೋಪಿನಲ್ಲಿ ಚೆನ್ನಾಗಿ ಕಾಣುವ ತುಂಡಿನಲ್ಲೂ ಮೀಥೈಲ್ ಆಗಲೇ ಕೂತಿರಬಹುದು. ಎರಡನ್ನೂ ಹೋಲಿಸಿದರೆ ವ್ಯತ್ಯಾಸವೇ ಸಿಗಲ್ಲ, ಪಿ16ಗೆ ಪಾತ್ರವೇ ಇಲ್ಲ ಅಂತ ಬರೆದುಬಿಡ್ತೀವಿ. ರಕ್ತವನ್ನು ಹೋಲಿಕೆಗೆ ಇಟ್ಟುಕೊಳ್ಳೋಣ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಪ್ರತಿ ಅಂಗಕ್ಕೂ ಅದರದ್ದೇ ಮೀಥೈಲ್ ಜೋಡಣೆ ಇರುತ್ತದೆ.

ಅದಕ್ಕೇ ಮೂರು ಕಡೆಯಿಂದ ತರುತ್ತೇವೆ: ಗಡ್ಡೆ, ಅದೇ ರೋಗಿಯ ಎದುರು ಕೆನ್ನೆ, ಮತ್ತು ಯಾವ ಚಟವೂ ಇಲ್ಲದೆ ಬುದ್ಧಿಹಲ್ಲು ಕೀಳಿಸಲು ಬಂದವರ ಒಸಡಿನ ಚೂರು. ಎಥಿಕ್ಸ್ ಕಮಿಟಿ ಒಪ್ಪಬೇಕು, ಅವರೂ ಒಪ್ಪಿ ಸಹಿ ಹಾಕಬೇಕು. ಪೆಥಾಲಜಿಸ್ಟ್ ಮೇಡಂ ಸ್ಲೈಡ್ ಮೇಲೆ ಮಾರ್ಕರ್‌ನಲ್ಲಿ ಗಡ್ಡೆಯ ಸುತ್ತ ಗೆರೆ ಎಳೆದು ಕೊಟ್ಟ ಮೇಲೇ ಆ ಜಾಗವನ್ನು ಕೆರೆಯುವುದು. ಇಲ್ಲದಿದ್ದರೆ ಜೊತೆಗೆ ರಕ್ತಕಣ, ಸ್ನಾಯು ಎಲ್ಲ ಬಂದುಬಿಡುತ್ತವೆ.

ಸಹಿ ಹಾಕುವಾಗ ರೋಗಿಯ ಕಡೆಯವರು ಕೇಳ್ತಾರೆ: “ಇದಕ್ಕೆ ಔಷಧಿ ಬಂದಿದೆಯಾ ಸಾರ್?” ಮೀಥೈಲ್ ಇಳಿಸುವ ಅಜಾಸೈಟಿಡಿನ್‌ಗೆ ಅಮೆರಿಕದಲ್ಲಿ 2004ರಲ್ಲೇ ಅನುಮತಿ ಸಿಕ್ಕಿತು, ಆದರೆ ಅದು ಅಸ್ಥಿಮಜ್ಜೆಯ ಕಾಯಿಲೆಗೆ. ಗಡ್ಡೆಗಳಲ್ಲಿ ಅಷ್ಟು ಫಲ ಕಂಡಿಲ್ಲ. ಅಲ್ಲದೆ ಅದು ಪಿ16 ಒಂದನ್ನೇ ಹುಡುಕಿಕೊಂಡು ಹೋಗುವುದಿಲ್ಲ, ಎಲ್ಲ ಕಡೆಯ ಮೀಥೈಲ್ ಅನ್ನೂ ಇಳಿಸುತ್ತದೆ. ಹಾಗಾಗಿ ಸದ್ಯಕ್ಕೆ ನಾವು ಔಷಧಿಯ ಹಿಂದೆ ಹೋಗಿಲ್ಲ. ಬಾಯಲ್ಲಿ ಬಿಳಿ ಮಚ್ಚೆ ಇರುವವರಲ್ಲಿ ಯಾರದ್ದು ಮುಂದೆ ಗಡ್ಡೆಯಾಗಬಹುದು ಅಂತ ಮೊದಲೇ ಹೇಳೋಕಾಗುತ್ತಾ ನೋಡುತ್ತಿದ್ದೇವೆ. ಇದಕ್ಕೆ ಕತ್ತರಿಸುವುದೂ ಬೇಡ, ಸಣ್ಣ ಬ್ರಷ್‌ನಿಂದ ಮಚ್ಚೆ ಉಜ್ಜಿದರೆ ಸಾಕು. ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಅಂದರೂ ಜನ ಬರ್ತಾರೆ.