ಮ್ಯಾಕ್ರೋ ಯಾವ ಸಾಲಿನಲ್ಲಿ ಹುಟ್ಟಿತು, ಯಾವ ಸಾಲಿನಲ್ಲಿ ಅಳಿಯಿತು: ಜಿಡಿಬಿಯೊಂದಿಗೆ ನನ್ನ ಅನುಭವ

ಅಡಕೆ ತೋಟದ ಪಂಪು ನಡೆಸುವ ಸಣ್ಣ ಬೋರ್ಡುಗಳಿಗೆ ನಾನು ಸಿ ಭಾಷೆಯಲ್ಲಿ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೇ ಓಡುವ ಪ್ರೋಗ್ರಾಮು, ಬರೆಯುತ್ತೇನೆ. ಕೆಲಸ ಬದಿಯಡ್ಕದ ಮನೆಯಲ್ಲೇ. ಬೋರ್ಡುಗಳಿರುವುದು ಪೆರ್ಲ, ಬಾಯಾರು, ಪಡ್ರೆ ಕಡೆಯ ಗುಡ್ಡಗಳಲ್ಲಿ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಕೆಳಗಿನ ತೊಟ್ಟಿಗೆ ಬಂದು ಬೀಳುತ್ತದೆ, ಪಂಪು ಅದನ್ನು ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಟ್ಯಾಂಕಿಯ ಮುಚ್ಚಳದ ಅಡಿಯಲ್ಲಿರುವ ಸೆನ್ಸರ್, ನೀರು ಎಷ್ಟು ಸೆಂಟಿಮೀಟರ್ ಕೆಳಗಿದೆ ಎಂದು ಅಳೆಯುತ್ತದೆ. ಆ ಅಳತೆ ಟ್ಯಾಂಕ್_ಫುಲ್ ಎಂಬ ಮ್ಯಾಕ್ರೋದ (ಕೋಡಿನಲ್ಲಿ ಒಂದು ಬೆಲೆಗೆ ಇಟ್ಟ ಹೆಸರು) ಬೆಲೆಗಿಂತ ಕಡಿಮೆಯಾದರೆ ಮೋಟಾರು ನಿಲ್ಲಬೇಕು. ನಮ್ಮ ಕಾನ್ಫಿಗ್ ಹೆಡರ್‌ನಲ್ಲಿ, ಅಂದರೆ ಸಿ ಫೈಲುಗಳು ಒಳಸೇರಿಸಿಕೊಳ್ಳುವ ಫೈಲಿನಲ್ಲಿ, ಆ ಬೆಲೆ 20.

"ಟ್ಯಾಂಕಿ ತುಂಬುವ ಮೊದಲೇ ಮೋಟ್ರು ನಿಲ್ತದೆ ಮಾರಾಯ. ಮನೆಯ ಡಿಸ್‌ಪ್ಲೇ ನೋಡಿದ್ರೆ ಇನ್ನೂ ಜಾಗ ಉಂಟು ಅಂತ ತೋರಿಸ್ತದೆ" ಎಂದು ಪೆರ್ಲದ ಮಾವ ಫೋನ್ ಮಾಡಿದರು. ಬೋರ್ಡು ಬಿಚ್ಚುವುದು ಬೇಡ, ಇಲ್ಲಿಂದಲೇ ನೋಡುತ್ತೇನೆ ಎಂದೆ. ಅವರ ಮಾತಿನಲ್ಲೇ ಸುಳಿವು ಇತ್ತು: ಒಂದೇ ಪ್ರೋಗ್ರಾಮಿನ ಎರಡು ಫಂಕ್ಷನ್‌ಗಳು ಒಂದೇ ಟ್ಯಾಂಕಿಯ ಬಗ್ಗೆ ಬೇರೆ ಬೇರೆ ಲೆಕ್ಕ ಹೇಳುತ್ತಿದ್ದವು.

ಪ್ರೋಗ್ರಾಮಿನ ಒಳಗನ್ನು ನೋಡಿ ತಪ್ಪು ಹುಡುಕುವ ಸಾಧನವಾದ ಜಿಡಿಬಿಯಲ್ಲಿ ಪ್ರಿಂಟ್ ಟ್ಯಾಂಕ್_ಫುಲ್ ಎಂದು ಕೇಳಿದರೆ, ಅಂಥ ಸಿಂಬಲ್ ಇಲ್ಲಿ ಇಲ್ಲ ಎಂಬ ಉತ್ತರ. ಇದು ಸಹಜ. ಕೋಡಿನ ಪಠ್ಯವನ್ನು ಮೊದಲು ಸಿದ್ಧಗೊಳಿಸುವ ಪ್ರೀಪ್ರೊಸೆಸರ್, ಹೆಸರನ್ನು ತೆಗೆದು ಸಂಖ್ಯೆಯನ್ನು ಇಟ್ಟ ಮೇಲೆಯೇ ಕಂಪೈಲರ್‌ನ ಮುಖ್ಯ ಕೆಲಸ ಶುರುವಾಗುವುದು. ವೇರಿಯಬಲ್‌ಗೆ ಮೆಮೊರಿಯಲ್ಲೋ ರಿಜಿಸ್ಟರ್‌ನಲ್ಲೋ ಒಂದು ಜಾಗವಾದರೂ ಇರುತ್ತದೆ, ಮ್ಯಾಕ್ರೋಗೆ ಅದೂ ಇಲ್ಲ. ಜಿಸಿಸಿ ಕಂಪೈಲರ್‌ಗೆ ಬರೀ -ಜಿ ಎಂಬ ಆಯ್ಕೆ ಕೊಟ್ಟರೆ ಮ್ಯಾಕ್ರೋಗಳ ಸುದ್ದಿ ಡಿಬಗ್ ಮಾಹಿತಿಯಲ್ಲಿ ಸೇರುವುದಿಲ್ಲ, -ಜಿ3 ಕೊಡಬೇಕು. ಇನ್ನೊಂದು ಕಂಪೈಲರ್ ಕ್ಲ್ಯಾಂಗ್ ಬಳಸುವವರು -ಎಫ್‌ಡಿಬಗ್-ಮ್ಯಾಕ್ರೋ ಎಂಬ ಆಯ್ಕೆಯನ್ನೂ ಸೇರಿಸಬೇಕು.

ಫರ್ಮ್‌ವೇರ್ ಬರೆಯುವ ಗೆಳೆಯರು ಹಲವರು -ಜಿ3 ಎಂದರೆ ಹೆದರುತ್ತಾರೆ, ಚಿಪ್ಪಿನ ಫ್ಲ್ಯಾಶ್ ಮೆಮೊರಿ ತುಂಬಿಹೋದೀತು ಎಂದು. ಆ ಹೆದರಿಕೆ ಬೇಡ. ದಪ್ಪವಾಗುವುದು ನಮ್ಮ ಕಂಪ್ಯೂಟರಿನಲ್ಲಿರುವ ಎಲ್ಫ್ ಫೈಲು (ಬಿಲ್ಡ್ ಮಾಡಿದಾಗ ಸಿಗುವ ಪೂರ್ತಿ ಫೈಲು) ಮಾತ್ರ. ಡಿಬಗ್ ಸೆಕ್ಷನ್‌ಗಳು ಚಿಪ್ಪಿಗೆ ಹೋಗುವುದೇ ಇಲ್ಲ.

ಮತ್ತೆ ಬಿಲ್ಡ್ ಮಾಡಿ, ಪಂಪ್.ಸಿ ಫೈಲಿನಲ್ಲಿ ಮೋಟಾರು ನಿಲ್ಲಿಸುವ ಫಂಕ್ಷನ್ನನ್ನು ಲಿಸ್ಟ್ ಆಜ್ಞೆಯಿಂದ ತೆರೆದು, ಇನ್ಫೋ ಮ್ಯಾಕ್ರೋ ಟ್ಯಾಂಕ್_ಫುಲ್ ಎಂದು ಕೊಟ್ಟೆ. ಬೆಲೆ 35, ಡಿಫೈನ್ ಆದದ್ದು ಸೆನ್ಸರ್ ಲೈಬ್ರರಿಯ ಹೆಡರ್‌ನ 41ನೇ ಸಾಲಿನಲ್ಲಿ, ಆ ಹೆಡರ್ ಒಳಬಂದದ್ದು ಪಂಪ್.ಸಿಯ 13ನೇ ಸಾಲಿನಿಂದ. ಡಿಸ್‌ಪ್ಲೇ.ಸಿ ತೆರೆದು ಅದೇ ಪ್ರಶ್ನೆ ಕೇಳಿದೆ. ಅಲ್ಲಿ 20, ನಮ್ಮದೇ ಕಾನ್ಫಿಗ್ ಹೆಡರ್‌ನದು. ಆ ಲೈಬ್ರರಿಯವರು 40ನೇ ಸಾಲಿನಲ್ಲಿ ಅನ್‌ಡೆಫ್ ಮಾಡಿ, ಅಂದರೆ ಹಿಂದಿನ ಬೆಲೆಯನ್ನು ರದ್ದು ಮಾಡಿ, ಮುಂದಿನ ಸಾಲಿನಲ್ಲಿ ತಮ್ಮ ಬೆಲೆ ಇಟ್ಟಿದ್ದರು. ಅನ್‌ಡೆಫ್ ಮಾಡಿದ ಮೇಲೆ ಹೊಸದಾಗಿ ಡಿಫೈನ್ ಮಾಡಿದರೆ ಕಂಪೈಲರ್ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಇಷ್ಟಕ್ಕೆ ಬೋರ್ಡು ಬೇಕಾಗಲಿಲ್ಲ, ಪ್ರೋಗ್ರಾಮನ್ನು ಓಡಿಸಬೇಕಾಗಲಿಲ್ಲ. ಎಲ್ಫ್ ಫೈಲೊಂದೇ ಸಾಕಾಯಿತು.

ನಮ್ಮ ಮ್ಯಾಕ್ರೋಗಳಿಗೆಲ್ಲ ತೋಟ_ ಎಂಬ ಪೂರ್ವಪದ ಸೇರಿಸಿ ಹೊಸ ಫರ್ಮ್‌ವೇರ್ ಹಾಕಿಸಿದೆ. ಮ್ಯಾಕ್ರೋ ಬದಲು ಎನಮ್ (ಕಂಪೈಲರ್‌ಗೇ ಗೊತ್ತಿರುವ ಹೆಸರುಳ್ಳ ಸಂಖ್ಯೆ) ಬಳಸಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಹೆಸರು ಅದೇ ಉಳಿದರೆ ಪರರ ಹೆಡರ್‌ನ ಮ್ಯಾಕ್ರೋ ಎನಮ್‌ನ ಹೆಸರನ್ನೂ ನುಂಗುತ್ತದೆ. ಹೆಸರು ಬದಲಿಸದೆ ಗತಿಯಿಲ್ಲ.

ಆದರೆ ಜಿಡಿಬಿಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎಲ್ಫ್ ಫೈಲಿನ ಒಳಗನ್ನು ತೋರಿಸುವ ರೀಡೆಲ್ಫ್‌ನಿಂದ ಡಿಬಗ್ ಮ್ಯಾಕ್ರೋ ಭಾಗವನ್ನು ತೆರೆದು ನೋಡಿದೆ. ಪ್ರೀಪ್ರೊಸೆಸರ್ ನಡೆದ ದಾರಿಯ ದಿನಚರಿಯೇ ಅಲ್ಲಿತ್ತು: ಇಂಥ ಸಾಲಿನಲ್ಲಿ ಇಂಥ ಫೈಲಿನ ಒಳಹೊಕ್ಕೆ, ಇಂಥ ಸಾಲಿನಲ್ಲಿ ಇದನ್ನು ಡಿಫೈನ್ ಮಾಡಿದೆ, ಇಲ್ಲಿ ಅನ್‌ಡೆಫ್ ಮಾಡಿದೆ, ಫೈಲಿನಿಂದ ಹೊರಬಂದೆ. ಇಫ್‌ಡೆಫ್ ಎಂಬ ಷರತ್ತಿನಿಂದಾಗಿ ಬಿಟ್ಟುಹೋದ ಭಾಗದ ಮ್ಯಾಕ್ರೋಗಳು ಇದರಲ್ಲಿ ಇರುವುದಿಲ್ಲ. ಡಿಬಗ್ ಮಾಹಿತಿ ಬರೆಯುವ ಮಾನಕವಾದ ಡ್ವಾರ್ಫ್‌ನ ಹಳೆಯ ರೂಪದಲ್ಲಿ ಪ್ರತಿ ಸಿ ಫೈಲಿಗೂ ಈ ದಿನಚರಿ ಪೂರ್ತಿಯಾಗಿ ಮತ್ತೆ ಮತ್ತೆ ಬರೆಯಲ್ಪಡುತ್ತಿತ್ತು. 2017ರಲ್ಲಿ ಬಂದ ಡ್ವಾರ್ಫ್ 5ರಲ್ಲಿ ಹಲವು ಫೈಲುಗಳಿಗೆ ಸಮಾನವಾದ ಭಾಗವನ್ನು ಒಮ್ಮೆ ಬರೆದು ಉಳಿದ ಕಡೆಗಳಿಂದ ಅದಕ್ಕೆ ಕೈತೋರಿಸುವ ಏರ್ಪಾಡಿದೆ. ಎಲ್ಲ ಫೈಲುಗಳಿಗೂ ಒಂದೇ ದೊಡ್ಡ ಹೆಡರ್ ಸೇರಿಸುವ ನಮ್ಮಂಥವರ ಪ್ರಾಜೆಕ್ಟುಗಳಿಗೆ ಇದರಿಂದ ದೊಡ್ಡ ಉಳಿತಾಯ.

ಈ ದಿನಚರಿ ಓದಿ ಜಿಡಿಬಿ ಏನು ಮಾಡುತ್ತದೆ ಎಂಬುದು ಅದರ ಸೋರ್ಸ್‌ನ ಮ್ಯಾಕ್ರೋಟ್ಯಾಬ್.ಸಿ ಫೈಲಿನಲ್ಲಿದೆ. ಸಿ ಬಲ್ಲವರು ಒಮ್ಮೆ ಓದಬೇಕಾದ ಫೈಲು ಎಂದು ಧೈರ್ಯವಾಗಿ ಹೇಳುತ್ತೇನೆ. ಒಳಸೇರಿದ ಹೆಡರ್‌ಗಳನ್ನೆಲ್ಲ ಅದು ಮರದಂತೆ ಜೋಡಿಸುತ್ತದೆ. ಒಂದೇ ಹೆಡರ್ ಎರಡು ಕಡೆ ಒಳಬಂದರೆ ಮರದಲ್ಲಿ ಎರಡು ಬೇರೆ ಗೆಣ್ಣುಗಳು. ಪ್ರತಿ ಮ್ಯಾಕ್ರೋಗೂ ಹೆಸರಿನ ಜೊತೆ ಆರಂಭದ ಫೈಲು ಮತ್ತು ಸಾಲು, ಅನ್‌ಡೆಫ್ ಆಗಿದ್ದರೆ ಕೊನೆಯ ಫೈಲು ಮತ್ತು ಸಾಲನ್ನು ಬರೆದಿಡುತ್ತದೆ. ನಮ್ಮೂರಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇದ್ದರೆ ಮನೆಯ ಹೆಸರು ಸೇರಿಸಿ ಗುರುತಿಸುವ ಹಾಗೆ, ಅದಕ್ಕೆ ಬರೀ ಹೆಸರು ಸಾಲದು. ಹಾಗಾಗಿ ಪಂಪ್.ಸಿಯ 12ನೇ ಸಾಲಿನಿಂದ ಬಂದ 20 ಅಳಿಸಿಹೋಗಿಲ್ಲ. ಅದರ ಆಯುಷ್ಯ ಸೆನ್ಸರ್ ಹೆಡರ್‌ನ 40ನೇ ಸಾಲಿಗೆ ಮುಗಿದಿದೆ, ಅಷ್ಟೆ.

ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಎರಡು ಬೇರೆ ಫೈಲುಗಳ ಸಾಲುಗಳ ನಡುವೆ ತೀರ್ಮಾನಿಸುವುದು ಹೇಗೆ? 40 ದೊಡ್ಡದೋ 13 ದೊಡ್ಡದೋ ಎಂದು ನೋಡಿ ಫಲವಿಲ್ಲ. ಜಿಡಿಬಿ ಎರಡೂ ಕಡೆಯಿಂದ ಮರ ಹತ್ತುತ್ತದೆ. ಇಬ್ಬರಿಗೂ ಸಮಾನವಾದ ಹಿರಿಯ ಫೈಲು ಸಿಕ್ಕಾಗ, ಅಲ್ಲಿ ಯಾವ ಇನ್‌ಕ್ಲೂಡ್ ಸಾಲು ಮೇಲಿದೆಯೋ ಅದು ಮೊದಲು. ಕಮಾಂಡ್ ಲೈನಿನಲ್ಲಿ -ಡಿ ಕೊಟ್ಟ ಮ್ಯಾಕ್ರೋಗಳನ್ನೂ ಕಂಪೈಲರ್ ತಾನೇ ಇಟ್ಟವನ್ನೂ ಸೊನ್ನೆಯ ಸಾಲಿನಲ್ಲಿ ಹುಟ್ಟಿದವು ಎಂದು ಲೆಕ್ಕ ಹಿಡಿಯುತ್ತದೆ. ಬಿಲ್ಡ್ ಆಜ್ಞೆಗಳನ್ನು ಬರೆದಿಡುವ ಮೇಕ್‌ಫೈಲಿನಿಂದ ಬಂದ ಬೆಲೆಯೋ ಹೆಡರ್‌ನಿಂದ ಬಂದದ್ದೋ ಎಂಬ ಸಂಶಯ ಬಂದಾಗಲೆಲ್ಲ ನಾನು ಈ ಸೊನ್ನೆಯನ್ನೇ ಹುಡುಕುತ್ತೇನೆ.

ನನಗೆ ದಿನವೂ ಒದಗುವುದು ಇನ್ನೊಂದು ಉಪಯೋಗ. ಎಸ್‌ಟಿಎಂ32 ಚಿಪ್ಪಿನಲ್ಲಿ ಪಿನ್ನುಗಳ ಒಂದು ಗುಂಪನ್ನು ಸೂಚಿಸುವ ಜಿಪಿಐಒಎ ಎಂಬುದೇ ಒಂದು ಮ್ಯಾಕ್ರೋ. ರಿಲೇ ನಿಜಕ್ಕೂ ಆನ್ ಆಗಿದೆಯೇ ಎಂದು ಆ ಪಿನ್ನುಗಳ ಔಟ್‌ಪುಟ್ ಇರುವ ಒಡಿಆರ್ ರಿಜಿಸ್ಟರ್ ನೋಡಬೇಕಾದರೆ, -ಜಿ3 ಇಲ್ಲದಿದ್ದಾಗ ಹೆಕ್ಸ್ ವಿಳಾಸವನ್ನು ಕೈಯಾರೆ ಬರೆದು, ಟೈಪ್ ಕಾಸ್ಟ್ ಮಾಡಿ ಕೇಳಬೇಕು. -ಜಿ3 ಇದ್ದರೆ ಕೋಡಿನಲ್ಲಿ ಬರೆದಂತೆಯೇ ಕೇಳಿದರೆ ಸಾಕು. ಮ್ಯಾಕ್ರೋ ಎಕ್ಸ್‌ಪ್ಯಾಂಡ್ ಎಂದು ಕೊಟ್ಟರೆ ಪೂರ್ತಿ ಬಿಚ್ಚಿ ತೋರಿಸುತ್ತದೆ. ಎಸ್‌ಟಿಎಂ32ರ ಎಫ್1 ಸರಣಿಯ ಚಿಪ್ಪಿನಲ್ಲಿ, ಹಾಗೆ ಬಿಚ್ಚಿದಾಗ ಕಾಣುವ ವಿಳಾಸದ ಸಂಖ್ಯೆಗಳನ್ನೆಲ್ಲ ಕೂಡಿದರೆ ಹೆಕ್ಸ್ 40010800. ಮ್ಯಾಕ್ರೋ ಎಕ್ಸ್‌ಪ್ಯಾಂಡ್-ಒನ್ಸ್ ಒಂದೇ ಮೆಟ್ಟಿಲು ಬಿಚ್ಚುತ್ತದೆ. ಆವರಣ ಚಿಹ್ನೆ ಬಿಟ್ಟುಹೋದ ಮ್ಯಾಕ್ರೋ ಹಿಡಿಯಲು ಇದೇ ಹೆಚ್ಚು ಅನುಕೂಲ.

ಎರಡು ಕಡೆ ಮಾತ್ರ ಜಾಗ್ರತೆ ಬೇಕು. ಹೆಡರ್‌ನೊಳಗೇ ಬರೆದ ಇನ್‌ಲೈನ್ ಫಂಕ್ಷನ್‌ನಲ್ಲಿ ನಿಂತಾಗ, ಆ ಹೆಡರ್ ಒಂದೇ ಸಿ ಫೈಲಿಗೆ ಎರಡು ದಾರಿಯಿಂದ ಬಂದಿದ್ದರೆ, ಲೈನ್ ಟೇಬಲ್ (ಯಂತ್ರದ ಕೋಡು ಯಾವ ಸಾಲಿನಿಂದ ಬಂತು ಎಂಬ ಪಟ್ಟಿ) ಫೈಲಿನ ಹೆಸರು ಮತ್ತು ಸಾಲನ್ನಷ್ಟೇ ಹೇಳುತ್ತದೆ, ಯಾವ ದಾರಿ ಎಂದು ಹೇಳುವುದಿಲ್ಲ. ಜಿಡಿಬಿ ಮುಖ್ಯ ಫೈಲಿಗೆ ಹತ್ತಿರವಾದ ಗೆಣ್ಣನ್ನು ಆರಿಸುತ್ತದೆ, ಅದು ನಮಗೆ ಬೇಕಾದದ್ದೇ ಆಗಿರಬೇಕೆಂದಿಲ್ಲ. ಎರಡನೆಯದು ಸ್ಟೆಪ್ ಮಾಡುವುದು, ಅಂದರೆ ಕೋಡನ್ನು ಒಂದೊಂದೇ ಸಾಲು ಓಡಿಸಿ ನೋಡುವುದು. ಹತ್ತು ಸಾಲಿನ ಮ್ಯಾಕ್ರೋ ಆದರೂ ಬಿಚ್ಚಿಕೊಂಡ ಕೋಡೆಲ್ಲ ಅದನ್ನು ಕರೆದ ಒಂದೇ ಸಾಲಿನ ಲೆಕ್ಕಕ್ಕೆ ಸೇರುತ್ತದೆ, ಒಳಗೆ ಹೆಜ್ಜೆ ಹೆಜ್ಜೆಯಾಗಿ ನಡೆಯಲು -ಜಿ3 ಕೂಡ ನೆರವಾಗದು. ಅಂಥಲ್ಲಿ ನಾನು ಆ ಒಂದು ಫೈಲನ್ನು ಜಿಸಿಸಿಯ -ಇ ಮತ್ತು -ಪಿ ಕೊಟ್ಟು ಬಿಚ್ಚಿಸಿ, ಉದ್ದ ಸಾಲನ್ನು ಎಡಿಟರ್‌ನಲ್ಲಿ ತುಂಡು ಮಾಡಿ, ಆ ಬಿಚ್ಚಿದ ಫೈಲನ್ನೇ ಕಂಪೈಲ್ ಮಾಡಿಕೊಂಡು ಸ್ಟೆಪ್ ಮಾಡುತ್ತೇನೆ.