ಚರ್ಚೆ ಕೊನೆಗೆ ಬೇಡ, ನಡುವೆ ಇಡಿ
ನಮ್ಮ ಉಡುಪಿ ಕಡೆ ಊರೂರಲ್ಲಿ ಕೃಷಿ, ಪರಿಸರದ ಸಾಕ್ಷ್ಯಚಿತ್ರ ತೋರಿಸುವವರಿಗೆ ಒಂದು ಸಲಹೆ: ಅರ್ಧದಲ್ಲೇ ಚಿತ್ರ ನಿಲ್ಲಿಸಿ, 15 ನಿಮಿಷ ಮಾತಿಗೆ ಬಿಡಿ. ಕೊನೆಗೆ ಇಟ್ಟರೆ ಕಡೆಯ ಬಸ್ಸಿಗೆ ಹೋಗುವವರು ಎದ್ದುಬಿಡುತ್ತಾರೆ, ಹೇಳಲು ಜಾಸ್ತಿ ಇರುವುದು ಅವರ ಹತ್ತಿರವೇ. ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ನೋಡಿಟ್ಟುಕೊಳ್ಳಿ. ಕೈಕೆಲಸ ಕಾಣುವ ದೃಶ್ಯವಾದರೆ ಒಳ್ಳೆಯದು. ಅಡಿಕೆಗೆ ಮದ್ದು ಬಿಡುವ ದೃಶ್ಯ ಪರದೆ ಮೇಲೆ ಹಾಗೇ ನಿಂತಿರಲಿ. ಆ ಮದ್ದಿಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ ಅಂತ ಶುರುವಾದ ಮಾತು ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ, ಮಳೆ, ಬಾವಿ ನೀರಿನವರೆಗೂ ತಾನಾಗಿ ಹೋಗುತ್ತದೆ. ಎದುರಿಗೇ ಚಿತ್ರ ಇದ್ದರೆ ಮೈಕ್ ಹಿಡಿಯಲು ಹೆದರುವವರೂ ಬೆರಳು ತೋರಿಸಿ ಮಾತಾಡುತ್ತಾರೆ, ಅಲ್ವಾ? ಅರ್ಧ ಗಂಟೆಗಿಂತ ಚಿಕ್ಕ ಚಿತ್ರಕ್ಕೆ ಇದು ಬೇಡ. ಕಥೆ ಬಿಗಿಯಾಗಿ ಸಾಗುವ ಸಿನಿಮಾಕ್ಕೂ ಆಗುವುದಿಲ್ಲ, ಜನರಿಗೆ ಸಿಟ್ಟು ಬರುತ್ತದೆ.