ಚಾವಡಿಯ ಚೆಂಡೆ ಅಡುಗೆಮನೆಯಲ್ಲೂ: ನನ್ನ ಅನುಭವ

ನಮ್ಮದು ಮಲ್ಪೆ ಹತ್ತಿರದ ಹಳೇ ಹಂಚಿನ ಮನೆ. ಗೋಡೆಯೆಲ್ಲ ಮುರಕಲ್ಲು, ಒಂದೂವರೆ ಅಡಿ ದಪ್ಪ. ಅಮ್ಮನಿಗೆ ಬೆಳಿಗ್ಗೆ 100.3ರಲ್ಲಿ ಆಕಾಶವಾಣಿ ಮಂಗಳೂರು ಬೇಕು, ರಾತ್ರಿ ತಾಳಮದ್ದಲೆ ಬೇಕು. ಆದರೆ ರೇಡಿಯೋ ಇರುವುದು ಚಾವಡಿಯಲ್ಲಿ, ಅಮ್ಮ ಇರುವುದು ಅಡುಗೆಮನೆಯಲ್ಲಿ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಬಿದ್ದರೆ ಎಷ್ಟು ಜೋರು ಮಾಡಿದರೂ ಒಳಗೆ ಒಂದಕ್ಷರ ಕೇಳುತ್ತಿರಲಿಲ್ಲ. ನಾಲ್ಕು ಕೋಣೆಗೂ ಸ್ಪೀಕರ್ ಹಾಕಬೇಕು ಅಂತ ಹೊರಟದ್ದು ಹೀಗೆ.

ಮೊದಲು ಎರಡು ಬ್ಲೂಟೂತ್ ಸ್ಪೀಕರ್ ತಂದೆ. ಎರಡನ್ನೂ ಜೋಡಿಸಬಹುದು ಅಂತ ಡಬ್ಬಿಯ ಮೇಲೆ ಬರೆದಿತ್ತು. ಒಂದೇ ಕೋಣೆಯಲ್ಲಿ ಇಟ್ಟರೆ ಸರಿಯಾಗಿ ಜೋಡಿಯಾಗುತ್ತಿತ್ತು. ನಡುವೆ ಒಂದು ಮುರಕಲ್ಲಿನ ಗೋಡೆ ಬಂದರೆ ತಡವರಿಸುತ್ತಿತ್ತು, ಎರಡು ಬಂದರೆ ಸುಮ್ಮನಾಗುತ್ತಿತ್ತು. ಮುರಕಲ್ಲಿನ ತುಂಬ ಸಣ್ಣ ತೂತು. ಮಳೆಗಾಲದಲ್ಲಿ ಅದು ನೀರು ಕುಡಿದು ಕೂತಿರುತ್ತದೆ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ಜೂನ್ ಬಂದ ಮೇಲೆ ನಮ್ಮಲ್ಲಿ ತೊಂದರೆ ಇನ್ನೂ ಜಾಸ್ತಿಯಾಯಿತು.

ಆಮೇಲೆ ಎರಡು ಹಳೇ ಫೋನ್‌ಗಳಲ್ಲಿ ಒಂದೇ ತಾಳಮದ್ದಲೆಯ ಫೈಲ್ ಹಾಕಿ, ಎರಡನ್ನೂ ಒಟ್ಟಿಗೆ ಒತ್ತಿ ನೋಡಿದೆ. ಭಾಗವತರ ಪದ ಪರವಾಗಿರಲಿಲ್ಲ. ಚೆಂಡೆ ಶುರುವಾದಾಗ ಪ್ರತಿ ಪೆಟ್ಟೂ ಎರಡು ಸಲ ಕೇಳಿತು. ಸರಿಮಾಡಿ ಕೂತರೂ ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಎರಡು ಪೆಟ್ಟು. ಯಾಕೆಂದು ಹುಡುಕಿದಾಗ ಅರ್ಥವಾಯಿತು. ಪ್ರತಿ ಫೋನಿನಲ್ಲೂ ಒಂದು ಗಡಿಯಾರದ ಹರಳು ಇರುತ್ತದೆ. ಯಾವ ಎರಡು ಹರಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ವ್ಯತ್ಯಾಸ ಹತ್ತು ಲಕ್ಷದಲ್ಲಿ 20 ಭಾಗ ಇದ್ದರೂ ಸಾಕು, ಒಂದು ಗಂಟೆಗೆ 72 ಮಿಲಿಸೆಕೆಂಡ್ ದೂರವಾಗುತ್ತವೆ. ಚೆಂಡೆಯಂಥ ಚುರುಕು ಪೆಟ್ಟಿನಲ್ಲಿ ಅಷ್ಟು ಅಂತರವನ್ನು ಕಿವಿ ಖಂಡಿತ ಹಿಡಿಯುತ್ತದೆ. ಅಂದಿನಿಂದ ನನ್ನ ಪರೀಕ್ಷೆಗೆಲ್ಲ ಚೆಂಡೆಯೇ. ಕೊಳಲು, ಪಿಟೀಲು ಹಾಕಿ ನೋಡಿದರೆ ಈ ತಪ್ಪು ಗೊತ್ತೇ ಆಗುವುದಿಲ್ಲ.

ಅಂದರೆ ಎಲ್ಲ ಸ್ಪೀಕರ್‌ಗೂ ಒಂದೇ ಗಡಿಯಾರ ಬೇಕು, ಅಲ್ವಾ? ಸ್ನ್ಯಾಪ್‌ಕಾಸ್ಟ್ ಎಂಬ ಉಚಿತ ಸಾಫ್ಟ್‌ವೇರ್ ಮಾಡುವುದು ಇದನ್ನೇ. ಒಂದು ಕಂಪ್ಯೂಟರ್ ಧ್ವನಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ‘ಇದನ್ನು ಇಂಥ ಕ್ಷಣಕ್ಕೆ ನುಡಿಸು’ ಅಂತ ಸಮಯ ಬರೆದು ವೈಫೈಯಲ್ಲಿ ಕಳಿಸುತ್ತದೆ. ಕೋಣೆಯ ಯಂತ್ರಗಳು ತಮ್ಮ ಗಡಿಯಾರವನ್ನು ಅದರ ಗಡಿಯಾರಕ್ಕೆ ಹೋಲಿಸಿಕೊಳ್ಳುತ್ತಾ, ತುಂಡುಗಳನ್ನು ಕೂಡಿಟ್ಟುಕೊಂಡು, ಆ ಕ್ಷಣ ಬಂದಾಗ ನುಡಿಸುತ್ತವೆ. ಹಿಂದೆ ಬಿದ್ದರೆ ಚೂರು ಬೇಗ, ಮುಂದೆ ಹೋದರೆ ಚೂರು ನಿಧಾನ. ಇದಕ್ಕಾಗಿ ಸುಮಾರು ಒಂದು ಸೆಕೆಂಡ್ ತಡ ಒಪ್ಪಿಕೊಳ್ಳಬೇಕು. ಹಾಡು ಕೇಳಲು ಒಂದು ಸೆಕೆಂಡ್ ಯಾವ ಲೆಕ್ಕ!

ಚಾವಡಿಯ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಕಳಿಸುವ ಯಂತ್ರವಾಯಿತು. ನಾಲ್ಕು ಕೋಣೆಗೆ ಅದರದೇ ಇನ್ನೂ ಚಿಕ್ಕ ಮಾದರಿಯಾದ ಪೈ ಜೀರೋ 2 ಡಬ್ಲ್ಯೂ ನಾಲ್ಕು. ಅವುಗಳಲ್ಲಿ ಇಯರ್‌ಫೋನ್ ತೂತು ಇಲ್ಲ, ಹಾಗಾಗಿ ಒಂದೊಂದಕ್ಕೂ ಸಣ್ಣ ಡ್ಯಾಕ್ ಬೋರ್ಡ್ (ಡಿಜಿಟಲ್ ಅಂಕಿಗಳನ್ನು ಧ್ವನಿಯ ಸಂಕೇತವಾಗಿಸುವುದು), ಆಂಪ್ಲಿಫೈಯರ್, ಸ್ಪೀಕರ್. ರೇಡಿಯೋದ ಇಯರ್‌ಫೋನ್ ತೂತಿನಿಂದ ಒಂದು ವೈರ್ ಯುಎಸ್‌ಬಿ ಸೌಂಡ್ ಕಾರ್ಡ್‌ಗೆ, ಅಲ್ಲಿಂದ ಪೈ 4ಕ್ಕೆ. ವೈರ್ ಚುಚ್ಚಿದರೆ ರೇಡಿಯೋದ ಸ್ವಂತ ಸ್ಪೀಕರ್ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ವಾರ್ತೆ ಒಂದು ಸೆಕೆಂಡ್ ಅಂತರದಲ್ಲಿ ಎರಡೆರಡು ಸಲ ಕೇಳುತ್ತಿತ್ತು.

ಗೋಡೆಯ ಸಮಸ್ಯೆ ವೈಫೈಗೂ ಇದೆ. ಕೇಬಲ್ ಎಳೆಯೋಣ ಅಂದುಕೊಂಡೆ. ಆದರೆ ನಮ್ಮ ಕಡೆಯ ಸಿಡಿಲು ನಿಮಗೆ ಗೊತ್ತೇ ಇದೆ. ಹಿಂದೊಮ್ಮೆ ಕೇಬಲ್ ಮೂಲಕವೇ ಬಂದು ನಮ್ಮ ಟಿವಿ ಸುಟ್ಟಿತ್ತು. ಹಾಗಾಗಿ ಉದ್ದ ತಂತಿ ಬೇಡವೇ ಬೇಡ ಅನ್ನಿಸಿತು. ಮನೆಯ ನಡುವಿನ ಓಣಿಯಲ್ಲಿ, ಬಾಗಿಲುಗಳ ನೇರಕ್ಕೆ ಎರಡನೇ ರೌಟರ್ ಇಟ್ಟೆ. ಅಲೆಗಳು ಕಲ್ಲಿನ ಬದಲು ಬಾಗಿಲಿನ ಮೂಲಕ ಹಾದುಹೋದವು. ಆ ರಾತ್ರಿ ತಾಳಮದ್ದಲೆ ಹಾಕಿ ಚಾವಡಿಯಿಂದ ಅಡುಗೆಮನೆವರೆಗೆ ನಡೆದೆ. ಚೆಂಡೆ ಎಲ್ಲ ಕಡೆ ಒಂದೇ! ನನಗೆ ಕಣ್ಣು ತುಂಬಿ ಬಂತು.

ಕೊನೆಯ ಭಾಗ ಅಮ್ಮನ ಶ್ರವಣ ಸಾಧನದ್ದು. ಅವರ ಹೊಸ ಸಾಧನದಲ್ಲಿ ಆರಾಕಾಸ್ಟ್ ಎಂಬ ಹೊಸ ಬಗೆಯ ಬ್ಲೂಟೂತ್ ಪ್ರಸಾರ ಇದೆ. ಬ್ಲೂಟೂತ್ ಮಾನದಂಡ ನಿರ್ಧರಿಸುವ ಸಂಸ್ಥೆ 2022ರಲ್ಲಿ ಈ ಹೆಸರು ಕೊಟ್ಟಿತು. ಹಳೇ ಬ್ಲೂಟೂತ್ ಫೋನ್ ಕರೆಯ ಹಾಗೆ, ಇಬ್ಬರ ನಡುವೆ ಮಾತ್ರ. ಆರಾಕಾಸ್ಟ್ ರೇಡಿಯೋ ನಿಲಯದ ಹಾಗೆ. ಒಂದು ಕಡೆಯಿಂದ ಬಿತ್ತರಿಸಿದರೆ ಹತ್ತಿರ ಇರುವ ಎಷ್ಟು ಸಾಧನ ಬೇಕಾದರೂ ಕೇಳಬಹುದು, ಜೋಡಿಸುವ ಕೆಲಸವೇ ಇಲ್ಲ. ಪಕ್ಕದ ಮನೆಯವರಿಗೂ ಕೇಳುವುದು ಬೇಡ ಅನ್ನಿಸಿದರೆ ಪಾಸ್‌ವರ್ಡ್ ಹಾಕಬಹುದು. ನಾನು ಐದನೇ ಪೈ ಜೀರೋ ತಂದು, ಅದಕ್ಕೆ ಆರಾಕಾಸ್ಟ್ ಕಳಿಸುವ ಸಣ್ಣ ಡಬ್ಬಿ ಸೇರಿಸಿ ಅಡುಗೆಮನೆಯಲ್ಲೇ ಇಟ್ಟೆ. ಒಂದೇ ಕೋಣೆಯಾದ್ದರಿಂದ ಗೋಡೆಯ ಮಾತೇ ಬರಲಿಲ್ಲ.

ಆದರೆ ಆ ಡಬ್ಬಿ ತನ್ನದೂ ಒಂದಿಷ್ಟು ತಡ ಸೇರಿಸುತ್ತದೆ. ಅಮ್ಮ ಹೇಳಿದರು, ‘ಕಿವಿಯೊಳಗೆ ಒಂದು ಚೆಂಡೆ, ಹೊರಗೆ ಒಂದು ಚೆಂಡೆ’. ಸ್ನ್ಯಾಪ್‌ಕಾಸ್ಟ್‌ನಲ್ಲಿ ಪ್ರತಿ ಯಂತ್ರಕ್ಕೂ ತಡದ ಲೆಕ್ಕ ಬೇರೆಯಾಗಿ ಕೊಡಬಹುದು. ಅಷ್ಟು ಮಿಲಿಸೆಕೆಂಡ್ ಮೊದಲೇ ಅದು ನುಡಿಸುತ್ತದೆ. ಅಮ್ಮ ಸ್ಟೂಲಿನ ಮೇಲೆ ಕೂತರು. ನಾನು 30 ಹಾಕಿದೆ, ‘ಇಲ್ಲ’ ಅಂದರು. 50, ‘ಹತ್ತಿರ ಬಂತು’. 70ಕ್ಕೆ ಅವರು ಏನೂ ಹೇಳಲಿಲ್ಲ, ಬೆರಳಿನಲ್ಲಿ ತಾಳ ಹಾಕಲು ಶುರು ಮಾಡಿದರು. ಅದನ್ನೇ ಸೇವ್ ಮಾಡಿದೆ.

ಈಗ ಉಳಿದಿರುವುದು ಹಿತ್ತಲ ಬಚ್ಚಲುಮನೆ ಮಾತ್ರ. ಅಲ್ಲಿ ಕಡಲ ಉಪ್ಪುಗಾಳಿಗೆ ಸ್ಪೀಕರಿನ ವೈರ್ ತುದಿ ಆರು ತಿಂಗಳಲ್ಲೇ ಹಸಿರುಗಟ್ಟಿತು. ಹೊಸದಾಗಿ ಬೆಸುಗೆ ಹಾಕಿ, ಮೇಲೆ ಸಿಲಿಕೋನ್ ಬಳಿದು ಇಟ್ಟಿದ್ದೇನೆ.